ಎತ್ತರ ಸಾಲದ ಅಳಿಯ

ನನ್ನ ತಂಗಿಯ ಮಗನಿಗೆ ಎತ್ತರ ಸಾಲದಂತೆ. ಹೆಣ್ಣು ಕೊಡುವವರು ಎತ್ತಿದ ತಕರಾರಲ್ಲ ಇದು. ಅವರ ಲೆಕ್ಕದಲ್ಲಿ ಐದಡಿ ಹನ್ನೊಂದು ಅಂಗುಲ, ಅಮೆರಿಕದ ಒರ್ಲ್ಯಾಂಡೋದಲ್ಲಿ ಕೆಲಸ, ಸ್ವಂತ ಮನೆ, ಎಲ್ಲ ಕೂಡಿಸಿದರೆ ಹುಡುಗ ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಇದ್ದಾನೆ. ಕೊರಗು ಅವನದೇ. ವಾರಾಂತ್ಯ ಬಂತೆಂದರೆ ಒಂದು ಹಲಗೆಗೆ ಎರಡೂ ಕಾಲು ಬಿಗಿದುಕೊಂಡು, ಮೋಟಾರು ದೋಣಿಯ ಹಗ್ಗ ಹಿಡಿದು ಎಳೆಸಿಕೊಂಡು ಹೋಗುತ್ತಾನೆ. ದೋಣಿ ಸೀಳಿದ ನೀರು ಹಿಂದೆ ಎರಡು ಕಡೆ ದಿಬ್ಬವಾಗಿ ಏಳುತ್ತದಲ್ಲ, ಅದೇ ವೇಕ್. ಈಚೆ ದಿಬ್ಬ ಹತ್ತಿ ಗಾಳಿಗೆ ನೆಗೆದು ಆಚೆ ದಿಬ್ಬದ ಇಳಿಜಾರಿನಲ್ಲಿ ಇಳಿಯಬೇಕು. ವೇಕ್‌ಬೋರ್ಡಿಂಗ್ ಎಂಬ ಆಟದ ಸಾರಾಂಶ ಇಷ್ಟು. ಇವನೂ ಹತ್ತುತ್ತಾನೆ, ನೆಗೆಯುತ್ತಾನೆ, ಇಳಿಯುತ್ತಾನೆ. ನಡುವೆ ಹಲಗೆಯ ಕೆಳಗೆ ಒಂದು ದಿನಪತ್ರಿಕೆ ತೂರಿಸಬಹುದು, ಅದೂ ಭಾನುವಾರದ ಪುರವಣಿ ತೆಗೆದಿಟ್ಟು.

ತಂಗಿಗೆ ಇದೊಂದೂ ಅರ್ಥವಾಗುವುದಿಲ್ಲ. "ಅಣ್ಣಾ, ಕರಿಬೇವು ತಾರೋ ಅಂದ್ರೆ ಮೂಲೆ ಅಂಗಡಿಗೂ ಕಾರು ತೆಗೀತಾನೆ. ನೀರಿನ ಮೇಲೆ ಹಾರ್ತಾನಂತೆ!" ಶಾಲೆಗೆ ಎಬ್ಬಿಸಲು ಮುಖಕ್ಕೆ ತಣ್ಣೀರು ಚಿಮುಕಿಸಬೇಕಿದ್ದ ಹುಡುಗ ಈಗ ಶನಿವಾರ ಕತ್ತಲಲ್ಲೇ ಎದ್ದು ತಾನಾಗಿ ತಣ್ಣೀರಿಗೆ ಬೀಳಲು ಹೊರಡುತ್ತಾನಲ್ಲ ಎಂಬುದು ಅವಳ ಇನ್ನೊಂದು ದೂರು. ಅದಕ್ಕೆ ಕಾರಣವುಂಟು. ಗಾಳಿ ಏಳುವ ಮುಂಚೆ ಕೆರೆಯ ಮೇಲೆ ಸುಕ್ಕಿರುವುದಿಲ್ಲ. ಬೇಸಿಗೆಯಲ್ಲಂತೂ ಆ ಕಡೆ ಮಧ್ಯಾಹ್ನವಾದರೆ ಗುಡುಗು ಸಿಡಿಲಿನ ಸರದಿ. ನಾನು ಮೊದಲ ಸಲ ದೋಣಿ ಹತ್ತಿದಾಗ ಕೇಳಿದ ಪ್ರಶ್ನೆ ಮಾತ್ರ ಬೇರೆ: "ಇಲ್ಲಿ ಮೊಸಳೆ ಇದೆಯೇನೋ?" "ಫ್ಲೋರಿಡಾದ 67 ಕೌಂಟಿಯಲ್ಲೂ ಇವೆ ಮಾವ, ಇಲ್ಲೊಂದರಲ್ಲಿ ಯಾಕೆ ಇರಲ್ಲ?" ಅಂದ, ಬೂಟಿನ ದಾರ ಬಿಗಿಯುತ್ತ. ಇಷ್ಟು ಗೊತ್ತಿದ್ದೂ ನೀರಿನಿಂದ ನಾಲ್ಕು ಬೆರಳಿಗಿಂತ ಮೇಲೆ ಏಳದವನ ಧೈರ್ಯವನ್ನು ಮೆಚ್ಚಲೇಬೇಕು.

ಎತ್ತರ ಸಾಲದವನು ಮೊದಲು ಏನು ಮಾಡುತ್ತಾನೆ? ಅಂಗಡಿಗೆ ಹೋಗುತ್ತಾನೆ. ಇವನೂ ಹೋದ. ಹಲಗೆಯ ತಳದ ಬಾಗಿಗೆ ರಾಕರ್ ಅನ್ನುತ್ತಾರೆ. ಮೂತಿಯಿಂದ ಬಾಲದವರೆಗೆ ಒಂದೇ ಸಮನೆ ಬಾಗಿದ್ದರೆ ಹಲಗೆ ನಯವಾಗಿ ಜಾರುತ್ತದೆ, ವೇಗ ಉಳಿಸಿಕೊಳ್ಳುತ್ತದೆ. ನಡುವೆ ಚಪ್ಪಟೆ, ಎರಡೂ ತುದಿಗೆ ಥಟ್ಟನೆ ಬಾಗು ಇರುವ ತ್ರೀ ಸ್ಟೇಜ್ ರಾಕರ್ ದಿಬ್ಬದ ತುದಿಯಲ್ಲಿ ನೇರ ಮೇಲಕ್ಕೆ ಚಿಮ್ಮಿಸುತ್ತದೆ. ಆ ಚಿಮ್ಮಿಗೆ ಪಾಪ್ ಎಂದು ಹೆಸರು. ಅಳಿಯ ತ್ರೀ ಸ್ಟೇಜ್ ಹಲಗೆಯನ್ನೇ ತಂದ. ಹಿಗ್ಗದ ಹಗ್ಗವನ್ನೂ ತಂದ. ಹಗ್ಗ ಹಿಗ್ಗಿದರೆ ಎಳೆದು ಕೂಡಿಸಿದ ಬಿಗಿಯೆಲ್ಲ ಅದರೊಳಗೇ ಇಂಗಿಹೋಗುತ್ತದೆ, ಆದ್ದರಿಂದ ಅದು ಸರಿಯಾದ ಖರ್ಚು. ಹೊಸ ಹಲಗೆ, ಹೊಸ ಹಗ್ಗ, ಹೊಸ ಬೂಟು. ಎತ್ತರ ಹಳೆಯದೇ.

ಆಮೇಲೆ ದೋಷ ದೋಣಿಯ ಮೇಲೆ ಹೋಯಿತು. ದೋಣಿ ಹುಬ್ಬಳ್ಳಿ ಕಡೆಯ ಗೆಳೆಯನದು, ಓಡಿಸುವವನೂ ಅವನೇ. ದೋಣಿ ಎಷ್ಟು ಭಾರವೋ ಅಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಷ್ಟು ದೊಡ್ಡ ದಿಬ್ಬ ಏಳುತ್ತದೆ. ಅದಕ್ಕೇ ಈ ಜನ ದೋಣಿಯೊಳಗಿನ ಚೀಲ, ತೊಟ್ಟಿಗಳಿಗೆ ಕೆರೆಯ ನೀರನ್ನೇ ಪಂಪು ಹಾಕಿ ನೂರಾರು ಕಿಲೋ ತುಂಬುತ್ತಾರೆ. ದೋಣಿಗೆ ನೀರು ಬಂದರೆ ತೆಂಗಿನ ಚಿಪ್ಪು, ತಪ್ಪಲೆ ಏನು ಸಿಕ್ಕಿತೋ ಅದರಲ್ಲಿ ಮೊಗೆದು ಹೊರಗೆ ಚೆಲ್ಲುವ ಸೀಮೆಯಿಂದ ಹೋದ ನನಗೆ ಇದನ್ನು ನೋಡಿ ಎದೆ ಹೊಡೆದುಕೊಂಡಿತು. "ಭಾರ ಸಾಲ್ತಾ ಇಲ್ಲ, ಮಾವನ್ನೂ ಹಿಂದಿನ ಸೀಟಿಗೆ ಕೂರಿಸೋಣ" ಅಂದ ಅಳಿಯ. ಕೂತೆ. ದಿಬ್ಬ ಕೊಂಚ ಏರಿತು ಎಂದು ಇಬ್ಬರೂ ಒಪ್ಪಿದರು. ನನ್ನ ತೂಕವನ್ನು ಯಾರಾದರೂ ಸಂತೋಷದಿಂದ ಹೊಗಳಿದ್ದು ಅದೇ ಮೊದಲು.

ಇದೆಲ್ಲ ಈಗಿನ ಸುಖ. ಈ ಆಟದ ಶುರುವಿನಲ್ಲಿ ಇಷ್ಟು ಇರಲಿಲ್ಲ. ಸಮುದ್ರ ಸಪ್ಪಗಿದ್ದು ಅಲೆ ಏಳದ ದಿನ ನಮ್ಮ ಮೂಲ್ಕಿಯ ಸರ್ಫಿಂಗ್ ಹುಡುಗರು ಏನು ಮಾಡುತ್ತಾರೋ ಕಾಣೆ. ಸ್ಯಾನ್ ಡಿಯೇಗೋದ ಟೋನಿ ಫಿನ್ ಎಂಬ ಸರ್ಫರ್ ಮಾತ್ರ 1985ರ ಸುಮಾರಿಗೆ ಸರ್ಫ್‌ಬೋರ್ಡಿನಷ್ಟೇ ತೇಲುವ ಒಂದು ಗಿಡ್ಡ ಹಲಗೆ ಮಾಡಿ ದೋಣಿಗೆ ಕಟ್ಟಿ ಎಳೆಸಿಕೊಂಡ, ಅದಕ್ಕೆ ಸ್ಕರ್ಫರ್ ಎಂದು ಹೆಸರಿಟ್ಟ. ಟೆಕ್ಸಸ್‌ನಲ್ಲಿ ಜಿಮ್ಮಿ ರೆಡ್ಮನ್ ಅದೇ ಹೊತ್ತಿಗೆ ಅದೇ ಹುಚ್ಚಿಗೆ ಬಿದ್ದಿದ್ದ. ಕಾಲಿಗೆ ಪಟ್ಟಿ ಬಂದ ಮೇಲೆ ತಾನೇ ಹಲಗೆ ಸಮೇತ ನೆಗೆಯಲು ಸಾಧ್ಯವಾದದ್ದು! ತೇಲುವ ಹಲಗೆಯನ್ನು ಮುಳುಗಿಸಿ ಅದರ ಮೇಲೆ ಏಳುವುದೇ ಹರಸಾಹಸವಾಗಿತ್ತು. ಹರ್ಬ್ ಓಬ್ರಿಯನ್ ಎಂಬಾತ 1990ರ ಹೊತ್ತಿಗೆ ಅತ್ತ ತೇಲದ ಇತ್ತ ಮುಳುಗದ ಹೈಪರ್‌ಲೈಟ್ ಹಲಗೆ ತಂದು ಆ ಕಷ್ಟ ಕಳೆದ. ಒರ್ಲ್ಯಾಂಡೋದ ಕರೆಕ್ಟ್ ಕ್ರಾಫ್ಟ್ ಕಂಪನಿ 1997ರಲ್ಲಿ ತನ್ನ ಸೂಪರ್ ಏರ್ ನಾಟೀಕ್ ದೋಣಿಯ ನೆತ್ತಿಯ ಮೇಲೆ ಕಮಾನಿನ ಟವರ್ ಕೂರಿಸಿತು. ಹಗ್ಗವನ್ನು ಅಷ್ಟೆತ್ತರಕ್ಕೆ ಕಟ್ಟಿದರೆ ಅದು ಹಾರಿದವನನ್ನು ಬೇಗ ಕೆಳಗೆ ಜಗ್ಗುವುದಿಲ್ಲ. ಅಂದರೆ ನೆಗೆಯುವವನಿಗೆ ಬೇಕಾದ ಅನುಕೂಲವನ್ನೆಲ್ಲ ಹಿರಿಯರು ಮಾಡಿಟ್ಟು ಹೋಗಿದ್ದಾರೆ. ಉಳಿದಿರುವ ಅಡ್ಡಿ ನಮ್ಮ ಹುಡುಗ ಒಬ್ಬನೇ.

ಅವನ ರೋಗವೇನು ಎಂಬುದನ್ನು ಹಿಂದಿನ ಸೀಟಿನಿಂದ ನೋಡಿ ನೋಡಿ ನಾನು ಪತ್ತೆ ಮಾಡಿದ್ದೇನೆ. ಹಲಗೆಯ ಮೇಲೆ ನಿಂತವನಲ್ಲ ನಾನು, ಆದರೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿ ನಿವೃತ್ತನಾದವನು. ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುವುದರಲ್ಲಿ ಪಳಗಿದ ಕೈ. ಅಳಿಯ ಎತ್ತರಕ್ಕೆ ಹಾರದಿರಲು ಕಾರಣ ಅವನು ಹಾರಲು ಹೊರಡುವುದು.

ನಗಬೇಡಿ. ದಿಬ್ಬ ಕಂಡ ಕೂಡಲೇ ಅವನು ಕುಕ್ಕರುಗಾಲಾಗಿ ಥಟ್ಟನೆ ನೆಗೆಯುತ್ತಾನೆ. ಕಾಲಿನ ಜೋರಿನಿಂದ ಒಬ್ಬ ಮನುಷ್ಯ ನೆಲದಿಂದಲೇ ಎಷ್ಟು ಏಳಬಲ್ಲ? ಅದರಲ್ಲೂ ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತವನು? ಮೇಲಕ್ಕೆ ಎಸೆಯುವ ಶಕ್ತಿ ಇರುವುದು ಎರಡೇ ಕಡೆ: ಹಗ್ಗದ ಬಿಗಿಯಲ್ಲಿ, ದಿಬ್ಬದ ಏರಿನಲ್ಲಿ. ದೋಣಿ ಗಂಟೆಗೆ 35–38 ಕಿಲೋಮೀಟರಿನಲ್ಲಿ ನೆಟ್ಟಗೆ ಹೋಗುತ್ತಿರುತ್ತದೆ. ಸವಾರ ಹೊರಗಡೆಯಿಂದ ಹಲಗೆಯ ಅಂಚನ್ನು ನೀರಿಗೆ ಒತ್ತಿ ದಿಬ್ಬದ ಕಡೆಗೆ ಅಡ್ಡಡ್ಡ ಕೊರೆದುಕೊಂಡು ಬಂದರೆ ಅವನ ವೇಗ ದೋಣಿಯದಕ್ಕಿಂತ ಹೆಚ್ಚಾಗುತ್ತದೆ, ಹಗ್ಗ ಬಿಗಿಯುತ್ತದೆ. ಆ ಬಿಗಿಯನ್ನು ದಿಬ್ಬದ ನೆತ್ತಿಯವರೆಗೆ ಕಾಪಾಡಿಕೊಂಡು ಬಂದವನು ಮೇಲೆ ಹೋಗುತ್ತಾನೆ, ನಡುದಾರಿಯಲ್ಲಿ ಬಿಟ್ಟುಕೊಟ್ಟವನು ದಿನಪತ್ರಿಕೆಯ ಮೇಲೆ ಹೋಗುತ್ತಾನೆ.

ನಮ್ಮ ಹುಡುಗನ ಉತ್ಸಾಹವೆಲ್ಲ ಮೊದಲ ಹತ್ತಡಿಯಲ್ಲೇ ಮುಗಿಯುತ್ತದೆ. ದೂರದಿಂದ ಕೊರೆಯುತ್ತ ಬರುವಾಗ ಅವನ ಆರ್ಭಟವೇನು, ನೀರು ಎದ್ದು ಚಿಮ್ಮುವ ಪರಿಯೇನು! ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಹಲಗೆಯನ್ನು ಮಟ್ಟ ಮಾಡಿ ಸುಮ್ಮನಾಗುತ್ತಾನೆ. ಮದುವೆ ಊಟದಲ್ಲಿ ಕೋಸಂಬರಿ, ಪಲ್ಯ, ಚಿತ್ರಾನ್ನವನ್ನೇ ಎರಡೆರಡು ಸಲ ಬಡಿಸಿಕೊಂಡು ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವರ ಜಾತಿ. ಹುಬ್ಬಳ್ಳಿಯವ ಸ್ಟೀರಿಂಗ್ ಹಿಡಿದೇ ಕೂಗುತ್ತಾನೆ: "ಮೊದಲಾ ಎಲ್ಲಾ ಖರ್ಚ ಮಾಡಿದ್ರ ಕಡೀಕ ಏನ ಉಳೀತದಲೇ? ಹಗೂರ್ಕ ಬಾ, ಹಗೂರ್ಕ!" ಹೌದು, ಹಗುರವಾಗಿ ಶುರು ಮಾಡಬೇಕು, ಬರಬರುತ್ತ ಅಂಚನ್ನು ಇನ್ನೂ ಇನ್ನೂ ಒತ್ತಬೇಕು, ಅತಿ ಗಟ್ಟಿ ಒತ್ತು ದಿಬ್ಬವನ್ನು ಏರುವಾಗ ಇರಬೇಕು. ಹೆದರಿಕೆ ಹೇಳುವುದು ಇದಕ್ಕೆ ನೇರ ತದ್ವಿರುದ್ಧ. ದೂರದಲ್ಲಿ ಧೈರ್ಯ, ಹತ್ತಿರ ಬಂದಾಗ ವಿವೇಕ. ಈ ವಿವೇಕವೇ ಎತ್ತರವನ್ನು ತಿನ್ನುವುದು.

ದಿಬ್ಬದ ಮೇಲೆ ಮಾಡಬೇಕಾದ ಕೆಲಸವಂತೂ ಇನ್ನೂ ವಿಚಿತ್ರ. ನೆಗೆಯಬಾರದು, ನೆಟ್ಟಗೆ ನಿಲ್ಲಬೇಕು. ಏರುವ ನೀರು ಹಲಗೆಯನ್ನು ಮೇಲಕ್ಕೆ ನೂಕುತ್ತಿರುವಾಗ ಸ್ವಲ್ಪ ಬಾಗಿದ್ದ ಮೊಣಕಾಲನ್ನು ಗಟ್ಟಿಯಾಗಿ ನೆಟ್ಟಗೆ ಮಾಡಿ, ನೀರನ್ನೇ ಕೆಳಕ್ಕೆ ತುಳಿದು, ನೆತ್ತಿಗೆ ತಲುಪಿದಾಗ ಉದ್ದಕ್ಕೆ ನಿಂತಿರಬೇಕು. ಮೊಣಕಾಲು ಮೆತ್ತಗೆ ಮಡಿಸಿದಿರೋ, ದಿಬ್ಬ ಕೊಟ್ಟದ್ದನ್ನೆಲ್ಲ ಮೊಣಕಾಲೇ ನುಂಗಿಹಾಕುತ್ತದೆ. ಒಂದು ಕ್ಷಣ ಮುಂಚೆ ನೆಗೆದಿರೋ, ಅರ್ಧ ದಿಬ್ಬ ನಿಮ್ಮ ಕೆಳಗೆ ವ್ಯರ್ಥವಾಗಿ ಹಾದುಹೋಗುತ್ತದೆ. ಅಳಿಯ ಎರಡನ್ನೂ ಒಟ್ಟಿಗೆ ಮಾಡಬಲ್ಲ ಪ್ರತಿಭಾವಂತ.

ಕೈಗಳ ಕಥೆ ಬೇರೆ. ಹಿಡಿ ಸೊಂಟದ ಹತ್ತಿರ, ಮುಂದಿನ ಕಾಲಿನ ಪಕ್ಕಕ್ಕೆ, ಕೆಳಗೇ ಇರಬೇಕು. ಗಾಳಿಯಲ್ಲೂ ಅಲ್ಲೇ. ಇವನು ನೆಗೆದ ತಕ್ಷಣ ಎರಡೂ ಕೈಯನ್ನು ತಲೆಯ ಮೇಲೆತ್ತುತ್ತಾನೆ. ಹಾಗೆತ್ತಿದರೆ ಹಗ್ಗ ಭುಜವನ್ನು ಮುಂದಕ್ಕೆ ಎಳೆದು ಮೂತಿಯ ಮೇಲೆ ಕೆಡವುತ್ತದೆ. ಕಣ್ಣು ದೋಣಿಯ ಟವರಿನ ಮೇಲೋ ದಿಗಂತದ ಮೇಲೋ ಇರಬೇಕು. ಇವನು ನೀರನ್ನೇ ನೋಡುತ್ತಾನೆ. ಮೊಸಳೆಯ ಲೆಕ್ಕ ಇಡುತ್ತಾನೋ ಏನೋ.

"ಲೆಕ್ಕ ಹೇಳ್ತೀನಿ ಕೇಳು," ಅಂದೆ ಒಂದು ದಿನ ತಿಂಡಿಗೆ ಕೂತಾಗ. ಹಗ್ಗ, ಗಾಳಿ ಎರಡನ್ನೂ ಬದಿಗಿಟ್ಟರೆ ಏರುವ ಎತ್ತರ ಮೇಲ್ಮುಖ ವೇಗದ ವರ್ಗಕ್ಕೆ ಸರಿಯಾಗಿ ಹೆಚ್ಚುತ್ತದೆ. ಸೆಕೆಂಡಿಗೆ 4 ಮೀಟರಿನಂತೆ ಮೇಲೆ ಹೊರಟವನು ಸುಮಾರು 80 ಸೆಂಟಿಮೀಟರ್ ಏರಿಯಾನು. 5 ಮೀಟರಿನಂತೆ ಹೊರಟರೆ 125ನ್ನೂ ದಾಟುತ್ತಾನೆ. ವೇಗ ಕಾಲು ಭಾಗ ಹೆಚ್ಚಿತು, ಎತ್ತರ ಅರ್ಧಕ್ಕೂ ಮೀರಿ ಹೆಚ್ಚಿತು. ಕೊನೆಯ ಗಳಿಗೆಯಲ್ಲಿ ಅಂಚು ಬಿಟ್ಟುಕೊಡುವವನು ಕಳೆದುಕೊಳ್ಳುವುದೂ ಇದೇ ದರದಲ್ಲಿ. "ನೀವು ಪಿಯುಸಿಲಿ ಇದೇ ಹೇಳಿದ್ರಿ ಮಾವ, ಅವಾಗ್ಲೂ ನಿದ್ದೆ ಬಂದಿತ್ತು" ಅಂದ. ದೋಸೆಯ ಮೇಲೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ. ಭಾರ ಹೆಚ್ಚಿದರೆ ದಿಬ್ಬ ಏಳುವುದು ದೋಣಿಗೆ ಮಾತ್ರ ಎಂದು ಹೇಳಬೇಕೆಂದಿದ್ದೆ, ತಂಗಿ ಇದ್ದಳೆಂದು ಬಿಟ್ಟೆ.

ಕೊನೆಗೆ ಹುಬ್ಬಳ್ಳಿಯವ ಇವನನ್ನು ಅಕ್ಷರಾಭ್ಯಾಸಕ್ಕೆ ಕೂರಿಸಿದ. ದಿಬ್ಬದಿಂದ ಆರಡಿಯಷ್ಟೇ ಆಚೆ ಹೋಗು, ನಿಧಾನವಾಗಿ ಬಾ, ಹಾರಬೇಡ, ನೆತ್ತಿಯ ಮೇಲೆ ಸುಮ್ಮನೆ ನೆಟ್ಟಗಾಗು. ಅದು ಕೂಡಿಬಂದರೆ ಇನ್ನೊಂದೆರಡು ಅಡಿ ಆಚೆಯಿಂದ ಬಾ. ಆಚೆ ದಿಬ್ಬಕ್ಕೆ ತಲುಪುವ ಆಸೆ ಸದ್ಯಕ್ಕೆ ಬೇಡ. ಬಿ.ಇ. ಮಾಡಿ ಅದರ ಮೇಲೆ ಎಂ.ಎಸ್. ಮಾಡಿದ ಹುಡುಗನಿಗೆ ಅ ಆ ಇ ಈ. ಮುಖ ಗಂಟಿಕ್ಕಿಕೊಂಡೇ ಮಾಡಿದ. ಹಾರಬೇಡ ಅಂದದ್ದಕ್ಕೋ ಏನೋ, ಒಂದು ಮುಂಜಾನೆ ನೆತ್ತಿಯ ಮೇಲೆ ಸುಮ್ಮನೆ ನಿಂತವನು ಇದ್ದಕ್ಕಿದ್ದಂತೆ ನನ್ನ ಕಣ್ಣಿನ ಮಟ್ಟ ದಾಟಿ ಮೇಲೆ ಹೋದ. ಅವನಿಗೇ ಗಾಬರಿ. ಗಾಳಿಯಲ್ಲಿದ್ದಾಗ "ಅಯ್ಯೋ" ಅಂದದ್ದು ದೋಣಿಯವರೆಗೆ ಕೇಳಿಸಿತು. ಇಳಿದದ್ದನ್ನು ವರ್ಣಿಸುವುದು ಬೇಡ.

ಇಳಿಯುವುದರಲ್ಲಿ ಮಾತ್ರ ಅವನ ಕಾಲೆಳೆಯಲು ನನಗೂ ಮನಸ್ಸಿಲ್ಲ. ಆಚೆ ದಿಬ್ಬದ ಇಳಿಜಾರು ಸಿಕ್ಕರೆ ಮೆತ್ತಗೆ ಜಾರಿಕೊಂಡು ಹೋಗಬಹುದು. ಸಿಗದೆ ಚಪ್ಪಟೆ ನೀರಿಗೆ ಬಿದ್ದರೆ ಆ ವೇಗಕ್ಕೆ ನೀರು ಗಟ್ಟಿಯಾಗಿ ಬಡಿಯುತ್ತದೆ. ಮೊಣಕಾಲಿನ ಎಸಿಎಲ್ ಹರಿದುಕೊಂಡವರು, ಕಿವಿತಮಟೆ ಒಡೆದುಕೊಂಡವರು ಈ ಆಟದಲ್ಲಿ ಕಮ್ಮಿಯಿಲ್ಲ. ಮೊಣಕಾಲು ಬಾಗಿಸಬೇಕಾದದ್ದು ಇಲ್ಲಿ. ದಿಬ್ಬದ ಮೇಲೆ ಬಾಗಿಸಿ ಇಲ್ಲಿ ಸೆಟೆದು ನಿಲ್ಲುವವನಿಗೆ ಆಸ್ಪತ್ರೆಯ ಬಿಲ್ಲು ಡಾಲರಿನಲ್ಲಿ ಬರುತ್ತದೆ.

ಒಮ್ಮೆ ಎತ್ತರದ ರುಚಿ ಹತ್ತಿದ್ದೇ ಸರಿ, ಮಾತು ಡಬಲ್ ಅಪ್‌ಗೆ ಹೋಯಿತು. ದೋಣಿ ಸುತ್ತು ಹಾಕಿ ಬಂದು ತನ್ನದೇ ಅಲೆಯನ್ನು ಅಡ್ಡ ದಾಟಿದರೆ ಹಳೆಯ ಅಲೆ, ಹೊಸ ಅಲೆ ಒಂದರ ಮೇಲೊಂದು ಕೂತು ದೊಡ್ಡ ದಿಬ್ಬವಾಗುತ್ತದೆ, ನುರಿತವರು ಅದರ ಮೇಲಿಂದ ಹಾರುತ್ತಾರೆ. ಕಾಲ್ಬೆರಳಿನ ಕಡೆ ಅಂಚಿನಿಂದ ಬರುವ ಟೋಸೈಡ್ ನೆಗೆತದಲ್ಲಿ ಇವನಿನ್ನೂ ದಿನಪತ್ರಿಕೆ ವಿಭಾಗದಲ್ಲೇ ಇದ್ದಾನೆ ಎಂದು ಜ್ಞಾಪಿಸಬೇಕಾಯಿತು. ತನ್ನ ಆದರ್ಶ ಪಾರ್ಕ್ಸ್ ಬೊನಿಫೇ ಎಂದ. ಫ್ಲೋರಿಡಾದವನೇ, 1996ರ ಎಕ್ಸ್ ಗೇಮ್ಸ್‌ನಲ್ಲಿ 14ನೇ ವಯಸ್ಸಿಗೆ ಚಿನ್ನ ಗೆದ್ದವನು, 1999ರಲ್ಲಿ ಗಾಳಿಯಲ್ಲಿ ಮೂರು ಸುತ್ತು ಪೂರ್ತಿ ತಿರುಗಿ ಇಳಿದ ಮೊದಲಿಗ. ಹುಟ್ಟಿ ಏಳು ತಿಂಗಳೂ ತುಂಬದಿದ್ದಾಗ ವಾಟರ್ ಸ್ಕೀ ಮೇಲೆ ನಿಂತು ಗಿನ್ನೆಸ್ ಪುಸ್ತಕ ಸೇರಿದ ಕೂಸು. ಒಳಗಿನಿಂದ ತಂಗಿ ಕೂಗಿದಳು: "ಏಳು ತಿಂಗಳಿಗೆ ನೀನು ಬೋರಲು ಬಿದ್ದು ಅಳ್ತಿದ್ದೆ ಕಣೋ. ಈಗ್ಲೂ ಅದನ್ನೇ ಮಾಡ್ತಿದೀಯ."

ನಾನು ನಕ್ಕದ್ದು ಕೊಂಚ ಜೋರಾಯಿತು. ಅಳಿಯ ನನ್ನ ಕಡೆ ತಿರುಗಿದ. "ಇಷ್ಟೆಲ್ಲ ಗೊತ್ತಿದೆಯಲ್ಲ ಮಾವ, ಮುಂದಿನ ಶನಿವಾರ ನೀವೇ ಒಂದು ರೌಂಡ್ ಹೊಡೀರಿ. ಲೈಫ್ ಜಾಕೆಟ್ ಇದೆ."

ನಾನು ಗಂಟಲು ಸರಿಮಾಡಿಕೊಂಡು ಕಾನೂನು ತೆಗೆದೆ. ಫ್ಲೋರಿಡಾದಲ್ಲಿ ಹಗ್ಗ ಹಿಡಿದವನ ಮೇಲೆ ಕಣ್ಣಿಡಲು ಓಡಿಸುವವನಲ್ಲದೆ ದೋಣಿಯಲ್ಲಿ ಇನ್ನೊಬ್ಬ ಇರಬೇಕು, ಆ ಜವಾಬ್ದಾರಿ ನನ್ನದು, ನಾನೇ ನೀರಿಗಿಳಿದರೆ ರಾಜ್ಯದ ಕಾನೂನು ಮುರಿದಂತೆ ಎಂದೆ.

"ಪೂರ್ತಿ ಓದಿಲ್ಲ ನೀವು," ಅಂದ ಅಳಿಯ. "ಇನ್ನೊಬ್ಬ ಇಲ್ಲದಿದ್ರೆ ಹಿಂದೆ ಕಾಣೋ ಅಗಲದ ಕನ್ನಡಿ ಇದ್ರೂ ಸಾಕು ಅಂತಿದೆ. ಕನ್ನಡಿ ನಿಮಗಿಂತ ಕಮ್ಮಿ ಮಾತಾಡತ್ತೆ."