ಬಾಗಿಲಿಗಿಂತ ಮೊದಲು ಬಂದ ಮ್ಯೂಸಿಯಂ

ಮನೆ ಕಟ್ಟಿ ಮುಗಿಸುವ ಮೊದಲೇ ಗೃಹಪ್ರವೇಶದ ಊಟ ಹಾಕಿದ ಹಾಗೆ, ಬೆಂಗಳೂರು ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ‘ಮ್ಯಾಪ್’, 2020ರ ಡಿಸೆಂಬರಿನಲ್ಲೇ ಮೊಬೈಲೊಳಗೆ ತೆರೆದುಕೊಂಡಿತು. ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ! ನಮ್ಮೂರು ಪೆರೇಸಂದ್ರದವರಿಗೆ ಇದರಿಂದ ಲಾಭವೇ. ಹೆದ್ದಾರಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಾಕಿ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಕ್ಕಳು ‘ಮನೆಗೆ ಹೋಗೋಣ’ ಅನ್ನುತ್ತವೆ.

ಮ್ಯಾಪ್ ಅಕಾಡೆಮಿಯ ಆನ್‌ಲೈನ್ ಕೋರ್ಸುಗಳು ಪುಕ್ಕಟೆ. ಭಾರತ ಉಪಖಂಡದ ಬಟ್ಟೆಗಳ ಮೇಲೂ ಒಂದಿದೆ. ಪಕ್ಕದ ಮನೆಯ ಹುಡುಗಿ ಅದನ್ನು ಹಚ್ಚಿ ಕೂತಳು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಕಳಿಸಿ ಕಳಿಸಿಯೇ ಮುದುಕಿಯಾದ ಅವಳಜ್ಜಿ ಕನ್ನಡಕ ಏರಿಸಿ ಇಣುಕಿದರು.

“ಇಂಗ್ಲಿಷಿನಾಗೆ ಏನಮ್ಮಿ ಹೇಳ್ತಾವ್ರೆ?”

“ಬಟ್ಟೆ ಕತೆ, ಅಜ್ಜಿ. ಪರೀಕ್ಷೆ ಭಯ ಇಲ್ಲ, ದೊಡ್ಡೋರೂ ಕಲೀಬೋದು.”

“ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು. ಅದನ್ನೂ ಆನ್‌ಲೈನಲ್ಲೇ ಹಾಕ್ತೀಯಾ? ಎದ್ದೇಳು!”

ಪಾಠ ಅಲ್ಲಿಗೇ ನಿಂತಿತು. ನಿಲ್ಲಿಸಿದ ಜಾಗದಿಂದಲೇ ಮುಂದುವರಿಸಬಹುದು ಎನ್ನುವುದೇ ಈ ವಿದ್ಯೆಯ ದೊಡ್ಡ ಗುಣ. ನಮ್ಮ ಮೇಷ್ಟರ ಕಾಲದಲ್ಲಿ ಪಾಠ ನಿಲ್ಲಿಸುವ ಬಟನ್ ಇರಲಿಲ್ಲ.

ಅಂದಹಾಗೆ, ನೆಟ್‌ವರ್ಕ್ ಕೈಕೊಟ್ಟರೆ ಬೇಸರ ಬೇಡ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯೇ ಮ್ಯೂಸಿಯಂ. ಅದಕ್ಕೆ ಡೇಟಾ ಪ್ಯಾಕ್ ಬೇಕಿಲ್ಲ, ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.