ಆಸನಮೀಮಾಂಸೆ

ಪತಂಜಲಿ ಮಹರ್ಷಿಗಳು ಆಸನವನ್ನು ಕುರಿತು ಆಲೋಚಿಸಿದಾಗ ಸೈಕಲ್ಲಿನ ಸೀಟನ್ನು ಗಣನೆಗೆ ತಂದುಕೊಂಡಿರಲಾರರು. 1978ರಲ್ಲಿ ಹವಾಯಿಯ ಓಹು ದ್ವೀಪದಲ್ಲಿ ಮೊದಲಾದ ‘ಐರನ್‌ಮ್ಯಾನ್’ ಎಂಬ ತ್ರಿವಿಧ ತಪಸ್ಸಿನಲ್ಲಿ, 3.8 ಕಿಲೋಮೀಟರು ಈಜಿ, ತೊಯ್ದ ಮೈಯಲ್ಲಿಯೇ 180 ಕಿಲೋಮೀಟರು ಸೈಕಲ್ಲು ತುಳಿದು, ಅನಂತರ ಮ್ಯಾರಥಾನ್ ಓಡುವ ಮಹನೀಯರ ದೇಹವು ಉಕ್ಕಿನದೇ ಆಗಿದ್ದರೂ, ಅದರ ಒಂದು ಭಾಗ ಮಾತ್ರ ನಮ್ಮ ನಿಮ್ಮದರಂತೆ ಕೇವಲ ಮಾಂಸಮಯವೆಂಬುದನ್ನು ಆ ಸೀಟು ಬೇಗನೆ ಜ್ಞಾಪಿಸುತ್ತದೆ.

ಗಾಳಿಯನ್ನು ವಂಚಿಸಲೆಂದು ಮೊಳಕೈಗಳನ್ನು ಹ್ಯಾಂಡಲಿನ ಮೇಲೂರಿ ಬಾಗಿದೊಡನೆ ಶ್ರೋಣಿಯೂ ಮುಂದಕ್ಕೆ ವಾಲುವುದರಿಂದ, ಕುಳಿತುಕೊಳ್ಳಲೆಂದೇ ಬ್ರಹ್ಮನು ದಯಪಾಲಿಸಿದ ಎರಡು ಎಲುಬುಗಳು ಹೊರೆಯಿಳಿಸಿಕೊಂಡು, ಸಭ್ಯರು ಹೆಸರಿಸದ ಮೃದುಪ್ರದೇಶದ ಮೇಲೆ ಭಾರವು ಬೀಳುವುದು. ಅಲ್ಲಿಯ ನರಗಳು ಜೋಮು ಹಿಡಿದು ಮೌನವ್ರತ ಕೈಕೊಳ್ಳುವುವು. ಆಗ ಅವಿವೇಕಿಯು ದಪ್ಪ ಮೆತ್ತೆಯ ಸೀಟನ್ನು ಕೊಳ್ಳುತ್ತಾನೆ; ಎಲುಬುಗಳು ಅದರಲ್ಲಿ ಹುದುಗಿದಷ್ಟೂ ನಡುವಣ ಮೆತ್ತೆಯು ಉಬ್ಬಿ ಒತ್ತುವುದೆಂಬುದನ್ನು ಅರಿಯನು. ವಿವೇಕಿಯಾದರೋ, ಮೂಗನ್ನು ಮೊಟಕುಗೊಳಿಸಿ ಮುಂಭಾಗವನ್ನು ಇಬ್ಭಾಗವಾಗಿ ಸೀಳಿದ, ಶೂರ್ಪನಖಿಯ ಬಂಧುವಿನಂತೆ ಕಾಣುವ ಸೀಟನ್ನೇ ಆಯುವನು. ಕಂಡು ನಗುವವರು ನಗಲಿ. ಇಳಿದ ಮೇಲೆ ನೆಟ್ಟಗೆ ನಡೆಯುವವನು ಅವನೇ. ಎತ್ತರವನ್ನೂ ಓರೆಯನ್ನೂ ಎಳ್ಳಷ್ಟೆಳ್ಳಷ್ಟೇ ಬದಲಿಸುವ ತಾಳ್ಮೆಯೂ ಬೇಕು.

ವಾಚಕರಲ್ಲಿ ಯಾರಾದರೂ ಕೊಳ್ಳಹೊರಟಿದ್ದರೆ, ಅಂಗಡಿಯಲ್ಲಿ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಬೇಡಿ. ಸವಾರಿ ಮಾಡುವುದು ಹೆಬ್ಬೆರಳಲ್ಲ. ನಾಚಿಕೆಯನ್ನು ಬದಿಗಿರಿಸಿ, ಮುಂಬಾಗಿದ ಭಂಗಿಯಲ್ಲಿಯೇ ಕುಳಿತು ತುಳಿದು ನೋಡಿ ಕೊಳ್ಳಿ.