ಊಟದ ಶಾನುಭೋಗರು

ವಂಶಪಾರಂಪರ್ಯ ಶಾನುಭೋಗಿಕೆಯನ್ನು ಸರ್ಕಾರ 1961ರ ಕಾಯ್ದೆ ತಂದು ತೆಗೆದುಹಾಕಿತು. ಮನೆಯೊಳಗಿನ ಶಾನುಭೋಗರಿಗೆ ಮಾತ್ರ ಆ ಕಾಯ್ದೆ ತಟ್ಟಲಿಲ್ಲ. ಉಂಡು ಕೈ ತೊಳೆದು, ಒದ್ದೆ ಬೆರಳನ್ನು ಪಂಚೆಗೆ ಒರೆಸಿ, ಕನ್ನಡಕ ಏರಿಸಿ, ‘ರಾತ್ರಿ: ಹಿಟ್ಟು, ಹುರುಳಿಕಾಳು ಸಾರು, ಮಜ್ಜಿಗೆ’ ಎಂದು ಡೈರಿಗೆ ಏರಿಸುವ ಜನ ಎಚ್.ಡಿ. ಕೋಟೆ ಸೀಮೆಯಲ್ಲಿ ಇನ್ನೂ ಇದ್ದಾರೆ. ಬಹುಪಾಲು ನಿವೃತ್ತ ಮೇಷ್ಟ್ರುಗಳು. ಉಳಿದವರು ಹಾಲಿನ ಸೊಸೈಟಿಯಲ್ಲೋ ಅಂಚೆ ಕಚೇರಿಯಲ್ಲೋ ಲೆಕ್ಕ ಬರೆದು ಕೈ ಪಳಗಿಸಿಕೊಂಡವರು. ಜೀವಮಾನವೆಲ್ಲ ಹಾಜರಿ ಕರೆದವರಿಗೆ ಮುಂದೆ ಮಕ್ಕಳಿಲ್ಲದಿದ್ದರೂ ಹಾಜರಿ ಪುಸ್ತಕವಾದರೂ ಬೇಕು. ಪಲ್ಯ ಹಾಜರು, ಹಪ್ಪಳ ಗೈರುಹಾಜರು.

ಎನ್. ಬೇಗೂರಿನ ಮಾದರಿಯನ್ನೇ ನೋಡಿ. ಊರು ಬಂಡೀಪುರದ ಕಾಡಂಚಿನಲ್ಲಿದೆ. ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಇದರದೇ ಹೆಸರು. ಗುಂಡ್ಲುಪೇಟೆ ಕಡೆ ಒಂದು ಬೇಗೂರು, ಬೆಂಗಳೂರಲ್ಲಿ ಮತ್ತೊಂದು ಬೇಗೂರು ಇರುವುದರಿಂದ ಡೈರಿಯ ಮೊದಲ ಪುಟದಲ್ಲಿ ‘ಎನ್.’ ಎಂಬುದನ್ನು ತಿದ್ದಿ ತೀಡಿ ದಪ್ಪ ಮಾಡಿರುತ್ತಾರೆ. ನಮ್ಮ ಮನೆಯ ಬಸ್ಸಾರು ಬೆಂಗಳೂರಿನವರ ಲೆಕ್ಕಕ್ಕೆ ಜಮಾ ಆಗಬಾರದಲ್ಲ!

ಡೈರಿಯನ್ನು ಇವರು ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಗೊಬ್ಬರದಂಗಡಿಯದು, ಸಹಕಾರ ಸಂಘದ್ದು, ವಿಮೆ ಏಜೆಂಟರದು, ಯಾವುದಾದರೊಂದು ಬರುತ್ತದೆ. ಮಾರ್ಚಿನಲ್ಲಿ ಕೈಗೆ ಸಿಕ್ಕರೂ ಚಿಂತೆಯಿಲ್ಲ, ಹಿಂದಿನ ಎರಡು ತಿಂಗಳ ಊಟವನ್ನು ಒಂದೇ ಮಧ್ಯಾಹ್ನ ಕೂತು ತುಂಬುತ್ತಾರೆ. ಸೊಗಡಿನ ಅವರೆಯ ಕಾಲ ಅದು. ಅವರೆಕಾಳು ಸಾರು, ಹಿತಕಿದ ಬೇಳೆ, ಅವರೆಕಾಳು ಉಪ್ಪಿಟ್ಟು, ಮತ್ತೆ ಅವರೆಕಾಳು ಸಾರು ಎಂದು ಬರೆದುಕೊಂಡು ಹೋದರೆ ತಪ್ಪು ಹಿಡಿಯುವ ಗಂಡು ಈ ಸೀಮೆಯಲ್ಲಿ ಹುಟ್ಟಿಲ್ಲ.

ಅಲ್ಲಿಂದ ಮುಂದೆ ಡೈರಿ ರಂಗೇರುತ್ತದೆ. ಯುಗಾದಿಗೆ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು. ಆ ಪುಟದಲ್ಲಿ ಅಕ್ಷರವೇ ಬೇರೆ. ಊರವರು ದುಡ್ಡು ಸೇರಿಸಿ ಮರಿ ಕಡಿದು ಹಾಕಿದ ಗುಡ್ಡೆ ಬಾಡಿನಲ್ಲಿ ತಮ್ಮ ಪಾಲಿಗೆ ಬಂದದ್ದೆಷ್ಟು, ಮೂಳೆ ಎಷ್ಟು, ಪಕ್ಕದ ಗುಡ್ಡೆಯಲ್ಲಿ ಈಲಿ ತುಸು ಹೆಚ್ಚಿತ್ತೇ ಎಂಬುದೆಲ್ಲ ಪಂಚನಾಮೆಯ ಧಾಟಿಯಲ್ಲಿ ದಾಖಲು. ಮಳೆಗಾಲಕ್ಕೆ ಕಳಲೆ ಬರುತ್ತದೆ. ಹುಲಿ ಕಾಡಿನೊಳಗೆ ಹೋಗಿ ಬಿದಿರಿನ ಮೊಳಕೆ ಮುರಿದು ತಂದರೆ ಕಾನೂನು ಸುಮ್ಮನಿರುವುದಿಲ್ಲ. ಆದ್ದರಿಂದ ‘ಕಳಲೆ ಪಲ್ಯ’ ಎಂದಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ನಮ್ಮ ಬೇಲಿಯದು’ ಎಂಬ ಷರಾ. ಕಬಿನಿ ಹಿನ್ನೀರಿನ ಮೀನು ಬಂದ ದಿನ ‘ಜಿಲೇಬಿ ಸಾರು’ ಎಂದು ಬರೆದಿರುತ್ತದೆ. ಮೈಸೂರಿಂದ ಬಂದ ಹೊಸ ಸೊಸೆ ಅದನ್ನೋದಿ, ಈ ಮನೆಯವರು ಸಿಹಿಯನ್ನೂ ಬಿಡುವುದಿಲ್ಲವಲ್ಲ ಎಂದು ಗಾಬರಿಯಾದರೆ ಅವಳ ತಪ್ಪಲ್ಲ. ಶ್ರಾವಣದ ಪುಟಗಳು ಸೊಪ್ಪು ಸದೆಯಲ್ಲಿ ಸಪ್ಪಗೆ ಕಳೆಯುತ್ತವೆ. ಮಹಾಲಯದ ಎಡೆಗೆ ಮತ್ತೆ ಅಕ್ಷರ ದಪ್ಪ.

ನಡುನಡುವೆ ಮನೆಯವರಲ್ಲದವರ ಊಟವೂ ಉಂಟು. ‘ರಾತ್ರಿ: ಹಲಸು (ಆನೆ)’ ಎಂದು ಒಂದು ನಮೂದು. ಕಂದಕ ದಾಟಿ ಬಂದ ಅತಿಥಿಯ ಲೆಕ್ಕವನ್ನು ಬಿಡುವುದು ಶಾನುಭೋಗರ ಧರ್ಮವಲ್ಲ. ರಾಗಿ ತೆನೆಗಟ್ಟಿದ ಮೇಲೆ ಅಟ್ಟಣೆಯಲ್ಲಿ ಕಾವಲು ಕೂತವರಿಗೆ ಕ್ಯಾರಿಯರಿನಲ್ಲಿ ಹೋದ ಹಿಟ್ಟು ಎಷ್ಟು, ಹೊಲದಲ್ಲಿ ಆನೆಗೆ ಹೋದ ರಾಗಿ ಎಷ್ಟು, ಎರಡೂ ಒಂದೇ ಪುಟದಲ್ಲಿ ಮೇಲೆ ಕೆಳಗೆ ಇರುತ್ತವೆ.

ದೇಶದ ದೊಡ್ಡ ಘಟನೆಗಳು ಇಲ್ಲಿ ತಟ್ಟೆಯ ದಾರಿಯಿಂದಲೇ ಬರಬೇಕು. 2013ರಲ್ಲಿ ಅನ್ನಭಾಗ್ಯ ಬಂದಾಗ ರಾತ್ರಿಯ ಅಂಕಣದಲ್ಲಿ ಅನ್ನ ಹಿಟ್ಟಿನ ಪಕ್ಕ ಜಾಗ ಹಿಡಿಯಿತು. 2023ರ ಜುಲೈನಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ಖಾತೆಗೆ ಬಿದ್ದಾಗ, ದುಡ್ಡನ್ನು ಬೆಳಗಿನ ತಿಂಡಿಗೆ ಬರೆಯಬೇಕೋ ರಾತ್ರಿ ಊಟಕ್ಕೋ ಎಂದು ಲೇಖನಿ ಕೊಂಚ ತಡವರಿಸಿತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಡೈರಿಯಲ್ಲಿ ಅದರ ಸದ್ದಿಲ್ಲ: ‘ಹಿಟ್ಟು, ಉಪ್ಸಾರು. ಹಿಟ್ಟು, ಮಸ್ಸೊಪ್ಪು.’ ಜಗತ್ತು ಈಗ ಎದ್ದಿತು, ಅಷ್ಟೇ.

ಇಂಥ ಪುಸ್ತಕಕ್ಕೆ ಬೆಲೆ ಇಲ್ಲವೆನ್ನುವ ಹಾಗಿಲ್ಲ. 1972ರಲ್ಲಿ ಶುರುವಾದ ರಾಷ್ಟ್ರೀಯ ಪೋಷಣಾ ನಿಗಾ ಸಂಸ್ಥೆಯವರು ಮನೆ ಮನೆಗೆ ಹೋಗಿ ಕಳೆದ 24 ಗಂಟೆಯಲ್ಲಿ ಏನು ಉಂಡಿರಿ ಎಂದು ಕೇಳುತ್ತಿದ್ದರು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ತರಕಾರಿ, ಮೊಟ್ಟೆ, ಮಾಂಸಕ್ಕೆ ಏಳು ದಿನದ ನೆನಪು ಕೆದಕುತ್ತಾರೆ. ನಿನ್ನೆ ಉಂಡದ್ದು ಇವತ್ತು ಮರೆಯುವ ದೇಶದಲ್ಲಿ ಇದು ಕಷ್ಟದ ಕೆಲಸ. ವರ್ಷಗಟ್ಟಲೆ ಜವಾಬು ಸಿದ್ಧಮಾಡಿಕೊಂಡು ಜಗಲಿಯಲ್ಲಿ ಕೂತಿರುವ ನಮ್ಮ ಶಾನುಭೋಗರ ಮನೆ ಮಾತ್ರ ಆ ಮಾದರಿಯೊಳಗೆ ಬೀಳುವುದೇ ಇಲ್ಲ. ಬೀಳುವುದು ಪಕ್ಕದ ಮನೆ. ಅದರ ಯಜಮಾನ ಬೀಡಿ ಆರಿಸದೆ ಹೇಳುತ್ತಾನೆ: “ಅದೇ ಹಿಟ್ಟು, ಅದೇ ಸಾರು, ಬರ್ಕಳಿ.”

ಊಟ ಬರೆದಿಡುವ ಚಪಲ ಇಂಗ್ಲೆಂಡಿನಲ್ಲೂ ಇತ್ತು. 1660ರಲ್ಲಿ ಡೈರಿ ಹಿಡಿದ ಸ್ಯಾಮುಯೆಲ್ ಪೀಪ್ಸ್ ತಿಂದದ್ದು ಕುಡಿದದ್ದನ್ನು ಬಿಡದೆ ಬರೆದ. 1666ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದಾಗ ವೈನನ್ನೂ ಪರ್ಮೆಸಾನ್ ಚೀಸನ್ನೂ ನೆಲದಲ್ಲಿ ಹೂತಿಟ್ಟೆನೆಂದು ಬರೆದು ಜಗತ್ಪ್ರಸಿದ್ಧನಾದ. ಹಳೇ ಮೈಸೂರಿನ ಪ್ರತಿ ಊರಲ್ಲೂ ಹಗೇವಿನಲ್ಲಿ ರಾಗಿ ಹೂತಿಟ್ಟವರಿದ್ದರು. ಅವರು ಯಾರೂ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ.

ಬೇಗೂರಿನ ಡೈರಿಗೆ ಒಂದು ವಿಚಿತ್ರ ವ್ಯಾಕರಣವಿದೆ. ಅದರಲ್ಲಿ ಅಡುಗೆ ತಾನಾಗಿ ಆಗುತ್ತದೆ. ‘ರೊಟ್ಟಿ ಆಯಿತು.’ ‘ಬಸ್ಸಾರು ಇತ್ತು.’ ಬೆಳಗಿನ ಜಾವ ಎದ್ದು ಒಲೆ ಹಚ್ಚಿದ ಯಜಮಾನಿ ಪುಟಗಟ್ಟಲೆ ಹುಡುಕಿದರೂ ಸಿಗುವುದಿಲ್ಲ. ಸಿಗುವುದು ‘ಉಪ್ಪು ಜಾಸ್ತಿ’ ಎಂದ ಕಡೆ, ಅದೂ ಹೆಸರಿಲ್ಲದೆ. ಆಕೆಯ ದಫ್ತರ ಬೇರೆಯೇ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬಂದ ದಿನಕ್ಕೆ ಸುತ್ತು, ಸೊಸೈಟಿಗೆ ಹಾಕಿದ ಹಾಲಿಗೆ ಗೀಟು, ಕೈಸಾಲ ಕೊಟ್ಟ ರಾಗಿಗೆ ಚುಕ್ಕೆ. ಯಾವ ಚುಕ್ಕೆ ಯಾರ ಮನೆಯದೆಂದು ಆಕೆಗೊಬ್ಬಳಿಗೇ ಗೊತ್ತು. ವರ್ಷದ ಕೊನೆಗೆ ಬಾಕಿ ವಸೂಲಾಗುವುದು ಈ ಲೆಕ್ಕದಿಂದಲೇ ಹೊರತು ಡೈರಿಯಿಂದಲ್ಲ.

ಪರೀಕ್ಷೆ ಬರುವುದು ಬೆಂಗಳೂರಿಂದ ಮಗಳು ಫೋನು ಮಾಡಿದಾಗ. ಅಂಗಡಿಯಲ್ಲಿ ಕಳಲೆ ಸಿಕ್ಕಿದೆ, ಪಲ್ಯ ಮಾಡುವುದು ಹೇಗೆ? ಶಾನುಭೋಗರು ಹುರುಪಿನಿಂದ ಹಳೆಯ ಡೈರಿಗಳನ್ನೆಲ್ಲ ಇಳಿಸಿ ಮಳೆಗಾಲದ ಪುಟ ತೆರೆಯುತ್ತಾರೆ. ಒಂದು ವರ್ಷ ‘ಕಳಲೆ. ಚೆನ್ನಾಗಿತ್ತು.’ ಮರುವರ್ಷ ‘ಕಳಲೆ. ಪರವಾಗಿಲ್ಲ.’ ಅದರಾಚೆ ‘ಕಳಲೆ. ನಮ್ಮ ಬೇಲಿಯದು.’ ಫೋನು ಒಳಮನೆಗೆ ಹೋಗುತ್ತದೆ. ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕು, ದಿನಾ ನೀರು ಬದಲಿಸು, ಎರಡು ಮೂರು ದಿನ ಬಿಡು, ಬೇಯಿಸಿದ ನೀರನ್ನೂ ಚೆಲ್ಲು ಎಂದು ಯಜಮಾನಿ ಹೇಳುತ್ತಾರೆ. ಹಸಿ ಕಳಲೆಯಲ್ಲಿರುವ ಸಯನೈಡು ಕೊಡುವ ವಿಷವನ್ನು ಇಳಿಸುವ ದಾರಿ ಅದೇ. ಆಕೆ ಅದನ್ನು ‘ನಂಜು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಶಾನುಭೋಗರು ಬಾಗಿಲಲ್ಲೇ ನಿಂತು ಈ ಸಲವಾದರೂ ಸರಿಯಾಗಿ ಇರಲೆಂದು ಬರೆದುಕೊಳ್ಳುತ್ತಾರೆ.

“ಉಪ್ಪು ಎಷ್ಟು?”

“ಪುಸ್ತಕದಲ್ಲೇ ಇದ್ಯಲ್ಲ, ಜಾಸ್ತಿ ಅಂತ.”